ಕೊಳೆಯದ, ಒಡೆಯದ ತತ್ತಿಗಳು

ಬಿಸಿ ನೋಡುವುದಕ್ಕೆ ಅಂಗೈಗಿಂತ ಕೈಯ ಹಿಂಬದಿ ಹೆಚ್ಚು ನಂಬಿಗಸ್ತ. ರೊಟ್ಟಿಯ ಹಂಚು ಕಾದಿದೆಯೋ, ಮಗುವಿನ ಹಣೆ ಸುಡುತ್ತಿದೆಯೋ, ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯ ಮಾಳಿಗೆಯ ಮೇಲಿನ ಹಪ್ಪಳ ತಿರುವುವ ಹೊತ್ತಾಯಿತೋ ಎಂದು ನಾನು ಕಂಡದ್ದನ್ನೆಲ್ಲ ಹಾಗೆ ಮುಟ್ಟುತ್ತಾ ಅಡ್ಡಾಡುವುದನ್ನು ನೋಡಿ ನೀವು ನಗುತ್ತೀರಿ. ನಗಿರಿ, ಮೊಮ್ಮಕ್ಕಳೇ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನಾಚುವ ನನಗೆ ದೇವರು ಮಾತನ್ನೆಲ್ಲ ಕೈಯ ಹಿಂಬದಿಗೇ ಕೊಟ್ಟಿರಬೇಕು. ಆ ಕೈ ಒಮ್ಮೆ ಮಾತ್ರ ತಾನು ಮುಟ್ಟಿದ್ದು ಜೀವವೋ ಅಲ್ಲವೋ ಹೇಳಲಾರದೆ ಹೋಯಿತು. ಆ ಕತೆ ಕೇಳಿ.

ಅದು ನಿಮ್ಮ ಅಜ್ಜ ತೀರಿಕೊಂಡ ವರ್ಷ. ಕೆಲವು ತಿಂಗಳು ಕಮಲಾಪುರದಲ್ಲಿ ಇರಲೆಂದು ಅವರ ಅಣ್ಣನ ಮನೆಗೆ, ಅಂದರೆ ನಿಮ್ಮ ದೊಡ್ಡಜ್ಜನ ಮನೆಗೆ ಹೋಗಿದ್ದೆ. ದಸರೆ ಕಳೆದ ಮೇಲೆ ಕೆಂಪು ಬಾಳೆಯ ತೋಟದ ಪಕ್ಕದ ಹಳ್ಳದ ಒಡ್ಡು ಅಗೆಯುವಾಗ ಆಮೆಯ ತತ್ತಿಗಳು ಸಿಕ್ಕವು. ಬೆಳ್ಳಗೆ, ದುಂಡಗೆ, ಲಿಂಬೆಹಣ್ಣಿನಷ್ಟು. ದೊಡ್ಡಜ್ಜ ಅವನ್ನು ಬುಟ್ಟಿಯಲ್ಲಿ ಹೊತ್ತು ತಂದು, ಬಾಳೆಗೊನೆ ಹಣ್ಣು ಮಾಡುವ ಕೋಣೆಯಲ್ಲಿ, ಸಗಣಿ ಕುಳ್ಳಿನ ಹೊಗೆಯ ಬಿಸುಪಿನಲ್ಲಿ, ಹುಲ್ಲಿನ ನಡುವೆ ಇಟ್ಟರು.

"ಕಾಯಿ ಹಣ್ಣಾಗ್ತಾವಂದ್ರ ತತ್ತಿ ಯಾಕ ಮರಿ ಆಗಂಗಿಲ್ಲ?" ಎಂದರು. ಅವರ ಕರುಣೆಯಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಅದಕ್ಕೆ ಗೊತ್ತಿದ್ದದ್ದು ಬಾಳೆಯ ವಿಷಯ ಮಾತ್ರ.

ಗೊನೆಗಳು ಮಾಗಿ ಸಂತೆಗೆ ಹೋದವು, ಅವುಗಳ ಜಾಗಕ್ಕೆ ಬೇರೆ ಗೊನೆಗಳು ಬಂದು ಅವೂ ಮಾಗಿ ಹೋದವು. ತತ್ತಿಗಳು ಮಾತ್ರ ಇದ್ದಂತೆ ಇದ್ದವು. ದಿನಾ ಹೋಗಿ ಮುಟ್ಟಿ ನೋಡುತ್ತಿದ್ದೆ. ಮಲಗಿದ ಕೂಸಿನ ಹೊಟ್ಟೆಯಂತೆ ಬೆಚ್ಚಗಿರುತ್ತಿದ್ದವು. ಬಾಗಿಲು ಮುಚ್ಚಿ ಒಂದರ ಹಿಂದೆ ಮೊಬೈಲಿನ ಬೆಳಕು ಹಿಡಿದರೆ ಒಳಗೆ ಒಂದು ಕೆಂಪು ಎಳೆಯೂ ಇಲ್ಲ. ಯಾರೂ ಇಲ್ಲದ ಮನೆಯ ಕಿಟಕಿಯಿಂದ ಕಿಟಕಿಗೆ ಬೆಳಕು ಹಾಯ್ದಂತೆ ಬರೀ ಹಳದಿ. ಸತ್ತಿವೆ ಎನ್ನೋಣವೆಂದರೆ ಒಂದೂ ಕೊಳೆತಿಲ್ಲ, ನಾರುತ್ತಿಲ್ಲ. ಆ ಕತ್ತಲಲ್ಲಿ ನನ್ನ ಉಸಿರು ನನಗೇ ಬೇರೆ ಯಾರದೋ ಎನಿಸುತ್ತಿತ್ತು.

ತೋಟದ ಕೆಲಸಕ್ಕೆ ಬರುವ ಶರಣವ್ವ ಒಂದು ಬೆಳಿಗ್ಗೆ ಗೊನೆಯ ಬುಟ್ಟಿ ಕೆಳಗಿಟ್ಟು ಹೊಸ್ತಿಲಲ್ಲೇ ನಿಂತಳು. "ಯಕ್ಕಾ, ನಾ ಇನ್ನ ಆ ಖೋಲಿಯೊಳಗ ಕಾಲಿಡಂಗಿಲ್ಲ. ಯಾರೋ ಉಸಿರು ಹಿಡ್ಕೊಂಡು ಕುಂತಂಗ ಆಗ್ತದ."

ಅದನ್ನು ಕೇಳಿದ ದೊಡ್ಡಜ್ಜ, "ಆಯ್ತು, ಮುಗೀತು. ನಾಳಿ ಹಳ್ಳಕ್ಕ ಚೆಲ್ಲಿಬಿಡ್ರಿ" ಎಂದರು. ಆಯ್ತು, ಮುಗೀತು ಎಂಬ ಮಾತನ್ನು ನಾನು ಆ ವರ್ಷ ಬೇಕಾದಷ್ಟು ಕೇಳಿದ್ದೆ. ಇನ್ನೊಮ್ಮೆ ಕೇಳುವ ಶಕ್ತಿ ಇರಲಿಲ್ಲ.

ಕಲಬುರಗಿಗೆ ಫೋನು ಮಾಡಿದೆ. ಕುಸನೂರಿನ ಕಡೆಯ ಯುನಿವರ್ಸಿಟಿಯಲ್ಲಿ ಓದುತ್ತಿದ್ದ ನಿಮ್ಮ ಪಲ್ಲವಿ ಅಕ್ಕ ತನ್ನ ಮೇಷ್ಟರನ್ನು ಕೇಳಿಕೊಂಡು ಫೋನಿನಲ್ಲೇ ಹೇಳಿದಳು: "ಆಯಿ, ಅವು ಸತ್ತಿರಲಿಕ್ಕಿಲ್ಲ, ತಡೆದು ನಿಂತಿರಬೇಕು. ಭಾಳ ಆಮಿಗಳೊಳಗ ಗೂಡಿನ ಬಿಸಿ ನೋಡಿ ಮರಿ ಹೆಣ್ಣೋ ಗಂಡೋ ಆಗ್ತದ. ನಮ್ಮ ಹಳ್ಳದ ಈ ಜಾತಿಯೊಳಗ ಹಂಗಲ್ಲ. ಇವಕ್ಕ ಮೊದಲ ಥಂಡಿ ಹತ್ತಬೇಕು, ಆಮ್ಯಾಲ ಬ್ಯಾಸಗಿ. ಥಂಡಿ ಹತ್ತಲಿಲ್ಲಂದ್ರ ಒಳಗಿನ ಜೀವ ಬೆಳಿಯಾಕ ಸುರು ಮಾಡಂಗಿಲ್ಲ. ನೀವು ಬೆಚ್ಚಗಿಟ್ಟು ಇಟ್ಟು, ಹೊರಗ ಚಳಿ ಬಂದದ್ದೇ ಅವಕ್ಕ ಗೊತ್ತಿಲ್ಲ! ಒಯ್ದು ಮಣ್ಣಾಗ ಇಡು. ಮ್ಯಾಲಿದ್ದದ್ದು ಮ್ಯಾಲೇ ಇರ್ಲಿ, ತಿರುವಬ್ಯಾಡ."

ತಿಳಿಯಿತು. ಆದರೆ ದೊಡ್ಡಜ್ಜನಿಗೆ ಹೇಳುವವರು ಯಾರು? ಗಂಡನ ಅಣ್ಣನೊಡನೆ ನಮ್ಮ ಮನೆಯ ಸೊಸೆಯರು ಎದುರಿಗೆ ಮಾತಾಡುವವರಲ್ಲ. ಮದುವೆಯಾಗಿ ಬಂದಂದಿನಿಂದ ನಮ್ಮಿಬ್ಬರ ನಡುವೆ ನಿಮ್ಮ ಅಜ್ಜನೇ ಮಾತು ದಾಟಿಸುವ ಸೇತುವೆ. ಈಗ ಸೇತುವೆಯೇ ಇರಲಿಲ್ಲ. ಮರುದಿನ ಅವರು ತತ್ತಿಗಳ ಬುಟ್ಟಿ ಎತ್ತಿದಾಗ ಸೆರಗು ಮುಂದೆಳೆದುಕೊಂಡು ಪಡಸಾಲೆಯ ಕಂಬ ಹಿಡಿದು ನಿಂತೆ.

"ಕಂಬಾ, ದೊಡ್ಡವರಿಗೆ ಹೇಳು. ತತ್ತಿ ಚೆಲ್ಲಬ್ಯಾಡಂತ."

ದೊಡ್ಡಜ್ಜ ನನ್ನತ್ತ ತಿರುಗಲಿಲ್ಲ. ತಮ್ಮ ಹೆಗಲ ಮೇಲಿನ ವಲ್ಲಿ ಬಟ್ಟೆಗೆ ಹೇಳಿದರು: "ಕಂಬಕ್ಕ ಇವತ್ತ ಬಾಯಿ ಬಂತಲ್ಲ! ಯಾಕ ಚೆಲ್ಲಬಾರದಂತ ಕೇಳು ಅದನ್ನ."

"ಅವಕ್ಕ ಥಂಡಿ ಬೇಕಂತ, ಕಂಬಾ."

"ತತ್ತಿಗೆ ಥಂಡಿ? ಈ ಕಂಬಕ್ಕ ಗೆದ್ದಲು ಹತ್ಯದ ಕಾಣ್ತದ."

ಹೀಗೆ ಇಬ್ಬರು ಮುದುಕರು ಒಂದು ಕಂಬಕ್ಕೂ ಒಂದು ವಲ್ಲಿಗೂ ಪಲ್ಲವಿಯ ಪಾಠವನ್ನೆಲ್ಲ ಒಪ್ಪಿಸಿದೆವು. ಕೊನೆಗೆ ಬುಟ್ಟಿ ಹಳ್ಳದ ನೀರಿಗೆ ಹೋಗದೆ ಒಡ್ಡಿಗೆ ಹೋಯಿತು.

ಅದು ಪುಷ್ಯದ ಚಳಿ. ಮಣ್ಣು ಬೆರಳನ್ನು ಕಚ್ಚುತ್ತಿತ್ತು. ಮೇಲ್ಭಾಗ ಮರೆಯಬಾರದೆಂದು ಪ್ರತಿ ತತ್ತಿಯ ನೆತ್ತಿಗೆ ಇದ್ದಿಲಿನ ಬೊಟ್ಟಿಟ್ಟಿದ್ದೆ. ಕುಣಿಯಲ್ಲಿ ಜೋಡಿಸಿ ಬಗ್ಗಿ ನೋಡಿದರೆ ರೆಪ್ಪೆಯಿಲ್ಲದ ಬಿಳಿ ಕಣ್ಣುಗಳ ಗುಂಪೊಂದು ನನ್ನನ್ನೇ ನೋಡುತ್ತಿತ್ತು. ಆ ನೋಟದ ಮೇಲೆ ಮಣ್ಣೆಳೆಯುವುದಕ್ಕೆ ಬಹಳ ಹೊತ್ತು ಕೈ ಬರಲಿಲ್ಲ.

ಬೇಸಿಗೆಯಲ್ಲಿ ಖೂಬಾ ಪ್ಲಾಟಿಗೆ ಮರಳಿದೆ. ಮಾಳಿಗೆಯ ನೆಲ ಮುಟ್ಟಲಾಗದಷ್ಟು ಕಾದಾಗಲೆಲ್ಲ ಆ ಒಡ್ಡಿನ ಒಳಗಿನ ಕತ್ತಲೆಗೂ ಇದೇ ಬಿಸಿ ನಿಧಾನವಾಗಿ ಇಳಿಯುತ್ತಿರಬಹುದೆಂದು, ಬರೀ ಹಳದಿಯಿದ್ದಲ್ಲಿ ಈಗ ಒಂದು ಕೆಂಪು ಎಳೆ ಮೂಡಿರಬಹುದೆಂದು ನೆನೆದು ಮೈ ಜುಮ್ಮೆನ್ನುತ್ತಿತ್ತು.

ಮೊದಲ ದೊಡ್ಡ ಮಳೆ ಬಿದ್ದ ಮರುದಿನವೇ ಕಮಲಾಪುರದ ಬಸ್ಸು ಹತ್ತಿದೆ. ದೊಡ್ಡಜ್ಜ ಆಗಲೇ ಒಡ್ಡಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಮಣ್ಣು ಬಿರಿದಿತ್ತು. ಮಣ್ಣಿನದೇ ತುಣುಕುಗಳಿಗೆ ಕಾಲು ಬಂದಂತೆ ಪುಟ್ಟ ಮರಿಗಳು ಒಂದರ ಹಿಂದೊಂದು ಸದ್ದಿಲ್ಲದೆ ಹಳ್ಳದ ಕಡೆಗೆ ಜಾರುತ್ತಿದ್ದವು. ದಾರಿ ತೋರಿಸುವ ತಾಯಿ ಎಲ್ಲೂ ಇರಲಿಲ್ಲ. ನಾವಿಬ್ಬರೂ ಉಸಿರಾಡಲಿಲ್ಲ.

ಕೊನೆಯದು ನೀರಿಗಿಳಿದ ಮೇಲೆ ಕುಣಿಯ ತಳದಲ್ಲಿ ಕೆಲವು ತತ್ತಿಗಳು ಹಾಗೆಯೇ ಉಳಿದಿರುವುದು ಕಂಡಿತು. ಬಿರುಕಿಲ್ಲ, ವಾಸನೆಯಿಲ್ಲ.

ದೊಡ್ಡಜ್ಜ ತಲೆಯೆತ್ತಿ ನನ್ನ ಮುಖವನ್ನೇ ನೋಡಿ ಕೇಳಿದರು: "ಉಳದವು ಜೀವ ಅದಾವೇನವ್ವಾ?"

ಅವರ ದನಿಯಲ್ಲಿ ಮಗುವಿನ ಹೆದರಿಕೆಯಿತ್ತು. ನಾನು ಬಗ್ಗಿ ಒಂದರ ಮೇಲೆ ಕೈಯಿಟ್ಟೆ. ಸುತ್ತಲಿನ ಮಣ್ಣಿನಷ್ಟೇ ಬೆಚ್ಚಗಿತ್ತು. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಗೊತ್ತಾಗವಲ್ದರೀ" ಎಂದೆ, ಅವರಿಗೇ.

ಅವರು ಎರಡೂ ಕೈಯಿಂದ ಮೆಲ್ಲಗೆ ಮಣ್ಣು ಎಳೆದು ಮುಚ್ಚಿದರು. ಆ ತುಂಡು ನೆಲಕ್ಕೆ ಈವರೆಗೆ ಯಾರೂ ಗುದ್ದಲಿ ಹಾಕಿಲ್ಲ. ಅಲ್ಲಿ ನಡೆಯುವಾಗ ಇಬ್ಬರೂ ಹೆಜ್ಜೆಯನ್ನು ಹಗುರ ಮಾಡುತ್ತೇವೆ. ಕೆಳಗೆ ಯಾರು ಇನ್ನೂ ಕಾಯುತ್ತಿದ್ದಾರೋ.