ಅಕ್ಕನ ಹರಕೆಯೂ ಸಿಹಿ ಪುಡಿಯೂ

ಬೆಳಗ್ಗೆ ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿದೆವು. ಹಾರನಹಳ್ಳಿಯ ನಮ್ಮಕ್ಕ ಹಿಂದಿನ ಸಂಜೆಯೇ ನನ್ನ ಮನೆಗೆ ಬಂದು ಉಳಿದಿದ್ದಳು. ಬಸ್ಸಿನಲ್ಲಿ ಅವಳಿಗೆ ಉಚಿತ, ನನಗೆ ಮಾತ್ರ ದುಡ್ಡು. ಅದನ್ನೇ ಹೇಳಿ ಹೇಳಿ ನಕ್ಕಳು. ಹೋದ ವರ್ಷ ನನಗೆ ಹೃದಯದ ಆಪರೇಷನ್ ಆದಾಗ, ತಮ್ಮ ಎದ್ದು ಓಡಾಡಿದರೆ ಉಪವಾಸವಿದ್ದು ಬೇಲೂರು ಚೆನ್ನಕೇಶವನಿಗೆ ಪ್ರದಕ್ಷಿಣೆ ಬರುತ್ತೇನೆಂದು ಹರಕೆ ಹೊತ್ತಿದ್ದಳು. ಅವಳಿಗೋ ಅಸ್ತಮಾ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದವಳು ನಡೆಯುವಂತಾದದ್ದು ಬೆಳಗ್ಗೆ, ರಾತ್ರಿ ಎಳೆದುಕೊಳ್ಳುವ ಪುಡಿಯ ಇನ್ಹೇಲರ್ ಶುರುವಾದ ಮೇಲೆ.

ಹಳೇಬೀಡಿನಲ್ಲಿ ಇಳಿದಾಗ ಇನ್ನೂ ಮಂಜಿತ್ತು. ದೇವಸ್ಥಾನದ ಮೆಟ್ಟಿಲು ಹತ್ತುವಷ್ಟರಲ್ಲಿ ಅಕ್ಕನ ಎದೆ ಗುಯ್‌ಗುಟ್ಟಿತು. ತುರ್ತಿಗೆಂದು ಇಟ್ಟುಕೊಂಡಿದ್ದ ನೀಲಿ ಇನ್ಹೇಲರ್ ಎಳೆದುಕೊಂಡ ಮೇಲೆ ಉಸಿರು ಹದಕ್ಕೆ ಬಂತು. ಹುಲ್ಲಿನ ಮೇಲೆ ಕೂರಿಸಿ ಕೇಳಿದೆ: "ಬೆಳಗ್ಗೆ ಪುಡಿ ಎಳ್ಕೊಂಡ್ಯಾ?"

"ಇಲ್ಲ ಕಣೋ. ರಾತ್ರೀನೂ ಇಲ್ಲ. ಅದು ಬಾಯಿಗೆ ಸೀಯಾಗೈತೆ. ಉಪವಾಸ ಕೆಡಾಕಿಲ್ವಾ?"

"ಈಗ ನೀಲೀದು ಎಳ್ಕೊಂಡ್ಯಲ್ಲ?"

"ಅದು ಬರೀ ಗಾಳಿ ಕಣೋ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀಲಿಯದು ಕೆಲವು ಗಂಟೆಯ ಮಾತು. ಪುಡಿ ಅರ್ಧ ದಿನ ಉಸಿರಿನ ದಾರಿ ತೆರೆದಿಡುತ್ತದೆ, ಒಳಗಿನ ಊತವನ್ನೂ ತಗ್ಗಿಸುತ್ತದೆ, ಆರಾಮಾಗಿದ್ದರೂ ತಪ್ಪಿಸಬಾರದು ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ಅದನ್ನೆಲ್ಲ ಮತ್ತೆ ಹೇಳಿದೆ. ವಾಪಸ್ ಹೋಗೋಣವೆಂದೆ. ಜಪ್ಪಯ್ಯ ಅಂದರೂ ಅಕ್ಕ ಒಪ್ಪಲಿಲ್ಲ.

ಕೊನೆಗೆ ನನ್ನ ಹೃದಯದ ಮಾತ್ರೆಗಳನ್ನು ಜೇಬಿನಿಂದ ತೆಗೆದು ಅವಳ ಮಡಿಲಿಗೆ ಹಾಕಿದೆ. "ಹಂಗಾದ್ರೆ ನಂಗೂ ಇದು ಬೇಡ. ಹರಕೆ ಹೊತ್ತಿದ್ದು ನಂಗೋಸ್ಕರ ತಾನೇ?"

ಅಕ್ಕನ ಕಣ್ಣು ತುಂಬಿತು. "ಹಂಗನ್ಬ್ಯಾಡ ಕಣೋ" ಎನ್ನುತ್ತಾ ಚೀಲಕ್ಕೆ ಕೈಹಾಕಿದಳು. ಉಸಿರು ಪೂರ್ತಿ ಬಿಟ್ಟು, ಪುಡಿಯನ್ನು ಜೋರಾಗಿ ಎಳೆದುಕೊಂಡಳು. ಆಮೇಲೆ ಬಾಯಿ ಮುಕ್ಕಳಿಸಿ ಉಗಿದು, "ನೀರು ಒಂದ್ ತೊಟ್ಟೂ ನುಂಗಿಲ್ಲ" ಎಂದಳು. ಕಟ್ಟಿಕೊಂಡು ಬಂದಿದ್ದ ಇಡ್ಲಿ ತಿಂದು ನಾನು ಮಾತ್ರೆ ನುಂಗುವವರೆಗೂ ಅಕ್ಕ ನನ್ನ ಮೇಲಿಂದ ಕಣ್ಣು ಕೀಳಲಿಲ್ಲ.

ಬಿಸಿಲು ಏರುವವರೆಗೆ ಅಲ್ಲೇ ಕೂತಿದ್ದು, ಬೇಲೂರಿನ ಬಸ್ಸು ಹಿಡಿದೆವು. ಹದಿನಾರು ಕಿಲೋಮೀಟರು. ದೇವಸ್ಥಾನದ ಸುತ್ತ ಅಕ್ಕ ನಿಧಾನವಾಗಿ, ಅಲ್ಲಲ್ಲಿ ನಿಂತು, ಪ್ರದಕ್ಷಿಣೆ ಮುಗಿಸಿದಳು. ಜನರೆಲ್ಲ ಶಿಲಾಬಾಲಿಕೆಯರನ್ನು ನೋಡುತ್ತಿದ್ದರು; ನಾನು ಅಕ್ಕನ ಬೆನ್ನನ್ನೇ ನೋಡುತ್ತಾ ಹಿಂದೆ ನಡೆದೆ. ಅವಳ ಎದೆ ಗುಯ್ ಎನ್ನಲಿಲ್ಲ. ಪ್ರಸಾದದ ಊಟಕ್ಕೆ ಕೂತಾಗ ಎರಡು ಸಲ ಅನ್ನ ಹಾಕಿಸಿಕೊಂಡಳು.

ಸಂಜೆ ಅರಸೀಕೆರೆಯ ಮನೆಗೆ ಬಂದೆವು. ಊಟಕ್ಕೆ ಮುಂಚೆ, ನಾನು ನೆನಪಿಸುವ ಮೊದಲೇ ಅಕ್ಕ ಪುಡಿ ಎಳೆದುಕೊಂಡು ಉಸಿರು ಹಿಡಿದು ಕೂತಳು. ನನಗರಿವಿಲ್ಲದೆ ನಾನೂ ಹಿಡಿದಿದ್ದೆ.

ಅಕ್ಕ ನನ್ನ ಎದೆಯ ಮೇಲೆ ಕೈಯಿಟ್ಟಳು.

"ಬಿಡೋ ಉಸಿರ. ಇನ್ನೊಂದ್ ಹರಕೆ ನನ್ ಕೈಲಾಗಾಕಿಲ್ಲ."