ಆಚೆ ಬದಿಯ ಸಂದುಗಳು

ನಮ್ಮ ಮನೆಗೂ ನನ್ನ ತಮ್ಮನ ಮನೆಗೂ ನಡುವೆ ಮುರಕಲ್ಲಿನ ಹಳೆಯ ಪಾಗಾರ, ಅಂದರೆ ಗಡಿಗೋಡೆ, ಒಂದಿದೆ. ಅದರ ಮಧ್ಯದಲ್ಲಿ ಒಂದು ತಡಮೆ ಇತ್ತು. ದನ ದಾಟಬಾರದು, ಮನುಷ್ಯ ಮಾತ್ರ ಕಾಲೆತ್ತಿ ದಾಟಬೇಕು ಎಂದು ಪಾಗಾರದಲ್ಲಿ ಬಿಡುವ ಜಾಗ ಅದು. ನಮ್ಮದರಲ್ಲಿ ಕೆಳಗೆ ಎರಡು ಕಲ್ಲು, ಮೇಲೆ ಕಾಲು ತಾಗಿ ತಾಗಿ ಸವೆದ ಒಂದು ಹಲಗೆ. ತಮ್ಮ ತೀರಿಹೋಗಿ ಕೆಲವು ವರ್ಷಗಳಾದವು. ಆ ಮನೆಯಲ್ಲಿ ಈಗ ಅವನ ಹೆಂಡತಿ ಇದ್ದಾಳೆ. ಎದುರಿನ ಕೋಣೆಯನ್ನು ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುವ ಇಬ್ಬರು ಬಯಲುಸೀಮೆಯ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟು, ಅವರಿಗೆ ಅಡುಗೆಯನ್ನೂ ಮಾಡಿಹಾಕುತ್ತಾಳೆ.

ನನ್ನ ಹೆಂಡತಿಗೆ ಮಂಡಿನೋವು. ದೂರ ನಡೆಯಲಾರಳು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ತಡಮೆ ದಾಟಿ ತಮ್ಮನ ಮನೆಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಇಡೀ ದಿನದಲ್ಲಿ ಅವಳದ್ದು ಎಂದು ಇದ್ದದ್ದು ಆ ಹೊತ್ತು ಮಾತ್ರ. ಕಳೆದ ವರ್ಷ ಆ ತಡಮೆಗೆ ನಾನು ಸಿಮೆಂಟ್ ಬ್ಲಾಕ್ ಇಟ್ಟು ಮುಚ್ಚಿದೆ. ಕೇಳಿದವರಿಗೆಲ್ಲ ಆಚೆ ಮನೆಯ ಕೋಳಿಗಳ ಕಾಟ ಎಂದು ಹೇಳಿದೆ. ಅದು ಸುಳ್ಳು. ನಿಜವಾದ ಕಾರಣ ಬರೆಯಲು ನಾಚಿಕೆಯಾಗುತ್ತದೆ, ಅಷ್ಟು ಸಣ್ಣದು.

ನಾನು ಬಂಟ್ವಾಳ-ಮೂಡುಬಿದಿರೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಹತ್ತನೆಯ ತರಗತಿ ಮುಗಿಸಿ ಬಸ್ಸು ಹತ್ತಿದವನು ಕೂದಲು ಹಣ್ಣಾದ ಮೇಲೆ ಇಳಿದೆ. ಬಸ್ಸಿನ ಅಭ್ಯಾಸ ಮನೆಗೂ ಬಂತು. ಊಟಕ್ಕೆ ಕೂತವರನ್ನು ಒತ್ತಿ ಕೂರಿಸುತ್ತಿದ್ದೆ, ಮದುವೆ ಮನೆಗಳಲ್ಲಿ ಜನರನ್ನು ಹಿಂದೆ ಮುಂದೆ ಸರಿಸುತ್ತಿದ್ದೆ. ಅದರಿಂದ ನನಗೆ ಊರಿನಲ್ಲಿ ಒಂದು ಗೌರವ ಉಂಟು ಎಂದು ನಂಬಿಕೊಂಡಿದ್ದೆ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಕ್ರಮ ಇಲ್ಲ. ಈಗ ಇದನ್ನೆಲ್ಲ ಯಾರೂ ನೋಡುವುದಿಲ್ಲ, ಆದರೆ ವಾಮದಪದವಿನ ಕಡೆಯಿಂದ ಮದುವೆಯಾಗಿ ಬಂದ ಅವಳು ನೋಡುತ್ತಿದ್ದಳು. ಏನಾದರೂ ಹೇಳಲಿಕ್ಕಿದ್ದರೆ ನನ್ನ ಹೆಂಡತಿಯ ಹತ್ತಿರ ಹೇಳುವಳು, ನಾನೂ ಹೆಂಡತಿಯ ಮೂಲಕವೇ ಉತ್ತರ ಕೊಡುವೆ. ಇಷ್ಟು ವರ್ಷದಲ್ಲಿ ಅವಳ ಸ್ವರ ಹೇಗಿದೆ ಎಂದು ನಾನು ಸರಿಯಾಗಿ ಕೇಳಿಸಿಕೊಂಡದ್ದೇ ಇಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಸಂಜೆ ನಾನು ತಡಮೆಯ ಹತ್ತಿರ ಬಸಳೆ ಚಪ್ಪರದ ಕಂಬ ಸರಿ ಮಾಡುತ್ತಿದ್ದೆ. ಆಚೆ ಜಗಲಿಯಲ್ಲಿ ಅವಳು, ನನ್ನ ಹೆಂಡತಿ, ಆ ಹುಡುಗಿಯರು ಕೂತಿದ್ದರು. ಚಪ್ಪರದ ಮರೆಯಲ್ಲಿದ್ದ ನಾನು ಅವರಿಗೆ ಕಾಣುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ನನ್ನದೇ ಸ್ವರ ಕೇಳಿಸಿತು. ಮೂಗಿನಿಂದ ಎಳೆದು, ಕೊನೆಯಲ್ಲಿ ಒಂದು ಏರು ಕೊಟ್ಟು: “ಒಳಗೆ ಹೋಗಿ, ಒಳಗೆ ಹೋಗಿ. ಜಾಗ ಉಂಟಲ್ಲ ಮಾರಾಯ್ರೆ, ಇದೇನು ನಿಮ್ಮ ಅಜ್ಜನ ಸೀಟಾ?”

ಅದು ತಮ್ಮನ ಹೆಂಡತಿ. ತಮ್ಮನ ಹನ್ನೊಂದನೆಯ ದಿನದ ಊಟದಲ್ಲಿ ನಾನು ಪಂಕ್ತಿ ಕೂರಿಸಿದ ರೀತಿಯನ್ನು ಹುಡುಗಿಯರಿಗೆ ಮಾಡಿ ತೋರಿಸುತ್ತಿದ್ದಳು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಗುವಿನಲ್ಲಿ ಎಲ್ಲರಿಗಿಂತ ಜೋರಾಗಿದ್ದದ್ದು ನನ್ನ ಹೆಂಡತಿಯದು. ಅವಳು ಹಾಗೆ ನಗುವುದನ್ನು ನಮ್ಮ ಮನೆಯೊಳಗೆ ನಾನು ಕೇಳಿರಲಿಲ್ಲ. ನನ್ನ ಕೈಯಿಂದ ಕತ್ತಿ ಜಾರಿ ಕಲ್ಲಿಗೆ ಬಿದ್ದು ಸದ್ದಾಯಿತು. ಜಗಲಿಯಲ್ಲಿ ಎಲ್ಲ ನಿಂತುಹೋಯಿತು.

ಆ ಮಳೆಗೆ ತಡಮೆಯ ಪಕ್ಕದಲ್ಲಿ ಪಾಗಾರ ಸ್ವಲ್ಪ ಕುಸಿದಿತ್ತು, ಸುಮಾರು ಅರ್ಧ ಬಸ್ಸಿನಷ್ಟು ಉದ್ದ. ಅದನ್ನು ಕಟ್ಟಿಸುವಾಗ ತಡಮೆಯನ್ನೂ ಸೇರಿಸಿ ಮುಚ್ಚಿಬಿಡುವ ಎಂದು ಪರಿಚಯದ ಮೇಸ್ತ್ರಿಯನ್ನು ಕರೆದೆ. ಅವನು ಬಂದು ನೋಡಿ, ಹಲಗೆಯ ಮೇಲೆ ಕೈಯಿಟ್ಟು ಕೇಳಿದ.

“ಕುಸಿದದ್ದು ಕಟ್ಟಿ ಕೊಡ್ತೇನೆ. ಇದನ್ನು ಯಾಕೆ ಮುಚ್ಚುವುದು?”

“ಕೋಳಿ ಬರ್ತದೆ.”

“ಆಚೆಯವರ ಹತ್ತಿರ ಮಾತಾಡಿದ್ದೀರಾ? ಗೋಡೆಗೆ ಎರಡು ಬದಿ ಉಂಟಲ್ಲ, ನಾನು ಅವರ ಅಂಗಳದಲ್ಲೂ ನಿಲ್ಲಬೇಕು. ಮಾತಾಡಿ ಹೇಳಿ, ಮತ್ತೆ ಬರ್ತೇನೆ.”

ನಾನು ಮಾತಾಡಲಿಲ್ಲ, ಅವನನ್ನು ಪುನಃ ಕರೆಯಲೂ ಇಲ್ಲ. ಮೊಬೈಲಿನಲ್ಲಿ ಯಾರೋ ಗೋಡೆ ಕಟ್ಟುವುದನ್ನು ಕಲಿಸುವ ವಿಡಿಯೋ ನೋಡಿ, ನಾನೇ ಕಟ್ಟುತ್ತೇನೆ ಎಂದು ಹೊರಟೆ. ಮೂಡುಬಿದಿರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬ್ಲಾಕಿನ ನಡುವೆ ಇಡುವ ಪ್ಲಾಸ್ಟಿಕ್ ತುಂಡುಗಳು ಸಿಕ್ಕಿದವು, ಒಂದು ಬೆರಳು ದಪ್ಪ. ಸ್ಪೇಸರ್ ಎಂದು ಹೆಸರು. ಯಾರೋ ತರಿಸಿ ಕೊಂಡುಹೋಗದೆ ಬಿಟ್ಟದ್ದಂತೆ. ಬ್ಲಾಕಿನ ಸಾಲಿನ ಮೇಲೆ ಈಚೆ ಅಂಚಿಗೊಂದು, ಆಚೆ ಅಂಚಿಗೊಂದು ಇಟ್ಟು, ನಡುವೆ ಕಲಸಿದ ಸಿಮೆಂಟ್ ಹಾಕಿ, ಮೇಲಿನ ಬ್ಲಾಕನ್ನು ಆ ತುಂಡಿಗೆ ತಾಗುವವರೆಗೆ ಒತ್ತಬೇಕು. ಆಗ ಸಂದುಗಳೆಲ್ಲ ಒಂದೇ ದಪ್ಪ ಬರುತ್ತವೆ, ಕೈ ಪಳಗದವನ ಗೋಡೆಯೂ ಡೊಂಕಾಗುವುದಿಲ್ಲ. ಅಂಗಡಿಯವ ಒಂದು ಮಾತು ಹೆಚ್ಚು ಹೇಳಿದ್ದ: ಸಿಮೆಂಟ್ ಪೂರ್ತಿ ಗಟ್ಟಿಯಾಗುವ ಮೊದಲು ತುಂಡುಗಳನ್ನು ಎಳೆದು ತೆಗೆಯಬೇಕು, ಆ ತೂತು ತುಂಬಬೇಕು, ಎರಡೂ ಬದಿಯಿಂದ. ಸಂದಿನಿಂದ ಹೊರಗೆ ಉಬ್ಬಿದ ಸಿಮೆಂಟನ್ನೂ ಆಗಲೇ ಕೆರೆಯಬೇಕು.

ಹೆಂಡತಿಗೆ ಕೋಳಿಯ ಕಾರಣ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಕೋಳಿಗೆ ರೆಕ್ಕೆ ಉಂಟು, ಅದು ಹೇಗೂ ಬರ್ತದೆ,” ಎಂದಳು. “ನಾನು ಹೇಗೆ ಹೋಗುವುದು?”

ರಸ್ತೆಯಿಂದ ಹೋಗು ಎಂದೆ. ನಮ್ಮ ಮನೆಯಿಂದ ಕೆಳಗಿಳಿದು, ಕಾಲೇಜಿನ ಬಸ್ಸುಗಳು ಮಿಜಾರಿನ ಕಡೆಗೆ ಓಡುವ ರಸ್ತೆಯ ಅಂಚಿನಲ್ಲಿ ನಡೆದು, ಪುನಃ ಅವರ ಏರು ಹತ್ತಬೇಕು. ಆ ಮಂಡಿಯಲ್ಲಿ ಅವಳಿಂದ ಅದು ಆಗದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಕೆಲಸ ಬೆಳಿಗ್ಗೆ ಮಾತ್ರ ಮಾಡುತ್ತಿದ್ದೆ, ಬಿಸಿಲೇರಿದ ಮೇಲೆ ಬೆನ್ನು ಕೇಳುತ್ತಿರಲಿಲ್ಲ. ನೂಲು ಕಟ್ಟಿ, ತೂಗುಗುಂಡು ಬಿಟ್ಟು ನೋಡಿ, ಬ್ಲಾಕಿಗೆ ನೀರು ಚಿಮುಕಿಸಿ ಇಡುತ್ತಾ ಹೋದೆ. ಆಚೆ ಅಂಚಿನ ತುಂಡುಗಳನ್ನು ಮೇಲಿನಿಂದಲೇ ಬಗ್ಗಿ ಇಡುತ್ತಿದ್ದೆ. ಮಧ್ಯಾಹ್ನದ ನಿದ್ದೆ ಮುಗಿಸಿ ಬಂದು ಈಚೆಯ ತುಂಡು ತೆಗೆದು, ತೂತು ತುಂಬಿ, ಸಂದನ್ನು ಕರಣೆಯ ತುದಿಯಿಂದ ಗೀರಿ ಚಂದ ಮಾಡುವೆ. ಆಚೆಯದಕ್ಕೆ ಆ ಅಂಗಳಕ್ಕೆ ಹೋಗಬೇಕು. ನಾನು ಹೋಗಲಿಲ್ಲ. ಆ ಬದಿ ಹೇಗಿದ್ದರೂ ನೋಡುವುದು ಅವಳು, ನೋಡಲಿ ಎಂದುಕೊಂಡೆ. ಉಬ್ಬಿದ ಸಿಮೆಂಟ್ ಅಲ್ಲಿ ಸೆಗಣಿ ಮೆತ್ತಿದ ಹಾಗೆ ಒಣಗುವುದನ್ನು ಊಹಿಸಿಕೊಂಡು ನನಗೆ ಒಂದು ರೀತಿಯ ಸುಖವೂ ಆಯಿತು.

ಆದರೆ ಎರಡನೆಯ ದಿನ ಬೆಳಿಗ್ಗೆ ನೋಡಿದರೆ ತಡಮೆಯ ಹಲಗೆಯ ಮೇಲೆ ಒಂದು ತೆಂಗಿನ ಗೆರಟೆ, ಅದರೊಳಗೆ ಆಚೆ ಬದಿಯ ತುಂಡುಗಳು. ತೊಳೆದು ಒಣಗಿಸಿ ಇಟ್ಟಿತ್ತು. ಮರುದಿನವೂ ಹಾಗೆಯೇ. ಮಧ್ಯಾಹ್ನ ಆಚೆ ಹೋಗುವ ನನ್ನ ಹೆಂಡತಿಯೇ ತೆಗೆದು ತರುತ್ತಿದ್ದಾಳೆ ಎಂದು ತಿಳಿದೆ. ಅವಳ ಸಿಟ್ಟು ಇಳಿದಿದೆ, ನನ್ನ ಕೆಲಸ ಅವಳಿಗೆ ಒಪ್ಪಿಗೆಯಾಗಿದೆ ಎಂದು ಸಮಾಧಾನವಾಯಿತು. ಈ ವಿಷಯದಲ್ಲಿ ನಾವಿಬ್ಬರೂ ಮಾತಾಡುತ್ತಿರಲಿಲ್ಲ, ಹಾಗಾಗಿ ಕೇಳಲಿಲ್ಲ. ಆ ತುಂಡುಗಳನ್ನೇ ಮೇಲಿನ ಸಾಲಿಗೆ ಬಳಸಿದೆ.

ಕುಸಿದ ಭಾಗ ಎದೆಯೆತ್ತರಕ್ಕೆ ಎದ್ದ ಮೇಲೆ ಉಳಿದದ್ದು ತಡಮೆ. ಆ ದಿನ ಹೆಂಡತಿ ಬೆಳಿಗ್ಗೆಯೇ ಆಚೆ ಹೋಗಿದ್ದಳು. ಅವಳು ಆ ಕಡೆ ಇರುವಾಗಲೇ ನಾನು ಹಲಗೆ ಕಿತ್ತು, ಕಲ್ಲಿನ ಮೇಲೆ ಬ್ಲಾಕ್ ಇಟ್ಟು ಮುಚ್ಚಿದೆ. ಸಿಮೆಂಟ್ ಕಲಸಿಟ್ಟಾಗಿದೆ, ಗಟ್ಟಿಯಾಗುತ್ತದೆ, ಕಾಯಲಿಕ್ಕೆ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ಅವಳು ರಸ್ತೆಯಿಂದ ಬಂದಳು. ಗೇಟಿನ ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತಳು. ಸೀರೆಯ ಅಂಚಿನಲ್ಲಿ ಕೆಂಪು ಧೂಳು. ಕೈಯಲ್ಲಿ ಹಿಂದಿನ ದಿನದ ತುಂಡುಗಳಿದ್ದ ಗೆರಟೆ ಇತ್ತು. ಅದನ್ನು ಜಗಲಿಯ ಮೇಲಿಟ್ಟಳು.

ನಾನು ಏನಾದರೂ ಒಳ್ಳೆಯದು ಹೇಳಬೇಕೆಂದು, “ಕೆಲಸ ಮುಗಿಯಿತು, ಇನ್ನು ಬೇಡ. ಇಷ್ಟು ದಿನ ನೀನು ತೆಗೆದು ಕೊಟ್ಟದ್ದು ಉಪಕಾರ ಆಯಿತು,” ಎಂದೆ.

“ನಾನಾ? ನನಗೆ ಬಗ್ಗಲಿಕ್ಕೆ ಆಗ್ತದಾ?” ಅವಳು ನನ್ನನ್ನು ನೋಡಿದಳು. “ಅವಳು ತೆಗೆದದ್ದು. ಎಲ್ಲ ಕೆಲಸ ಮುಗಿಸಿ ನಿಮ್ಮ ಗೋಡೆಯ ಬುಡದಲ್ಲಿ ಕೂತಿರ್ತಾಳೆ. ಒಮ್ಮೆ ಹೋಗಿ ನೋಡಿ ಬನ್ನಿ. ರಸ್ತೆಯಿಂದ.”

ಮರುದಿನ ಬೆಳಿಗ್ಗೆ ಹೋದೆ. ರಸ್ತೆಯ ಅಂಚಿನಲ್ಲಿ ಎರಡು ಬಸ್ಸುಗಳು ಮೈಗೆ ತಾಗುವಷ್ಟು ಹತ್ತಿರದಿಂದ ಹೋದವು. ನನಗೇ ಏದುಸಿರು ಬಂತು.

ನಾನು ಕಟ್ಟಿದ ಗೋಡೆಯ ಆಚೆ ಬದಿಯನ್ನು ನಾನು ನೋಡಿದ್ದು ಆಗಲೇ. ಒಂದು ಕಡೆಯೂ ಸಿಮೆಂಟ್ ಉಬ್ಬಿರಲಿಲ್ಲ. ಕೆರೆದ ಸಿಮೆಂಟಿನಿಂದಲೇ ತೂತುಗಳನ್ನೆಲ್ಲ ತುಂಬಿದ್ದಳು. ಸಂದುಗಳನ್ನು ಚಮಚದ ಬೆನ್ನಿನಿಂದ ಒತ್ತಿ ಎಳೆದಿದ್ದಳು. ಚಮಚ ಅಲ್ಲೇ ಪಾತ್ರೆ ತೊಳೆಯುವ ಕಲ್ಲಿನ ಮೇಲಿತ್ತು, ಅದರ ಹಿಡಿಗೆ ಸಿಮೆಂಟ್ ಹಿಡಿದಿತ್ತು. ತಡಮೆ ಇದ್ದ ಜಾಗದಲ್ಲಿ ಮಾತ್ರ ಏನೂ ಮಾಡಿರಲಿಲ್ಲ. ನಿನ್ನೆ ನಾನು ಇಟ್ಟ ತುಂಡುಗಳು ಹಾಗೆಯೇ ಸಂದಿನಲ್ಲಿ ಸಿಕ್ಕಿ ನಿಂತಿದ್ದವು, ಸಿಮೆಂಟ್ ನಾನು ಊಹಿಸಿದ ಹಾಗೆಯೇ ಅಸಹ್ಯವಾಗಿ ಒಣಗಿತ್ತು.

ಅವಳು ಒಳಗಿನಿಂದ ನೀರು, ಬೆಲ್ಲ ತಂದು ಜಗಲಿಯ ಮೇಲಿಟ್ಟಳು. ಹಿಂದೆ ಸರಿದು ಬಾಗಿಲ ಮರೆಗೆ ಹೋಗುವವಳು ಆ ದಿನ ಹೋಗಲಿಲ್ಲ. ನಮ್ಮ ಮಾತು ತುಳುವಿನಲ್ಲಿ ನಡೆದದ್ದು. ಅವಳು ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ.

“ಭಾವ, ಅಷ್ಟು ಜಾಗ ನಾನು ಮುಟ್ಟಲಿಲ್ಲ. ಅದನ್ನು ಮುಚ್ಚಲಿಕ್ಕೆ ನನ್ನ ಕೈ ಬೇಡ ಅನ್ನಿಸಿತು.” ಲೋಟವನ್ನು ನನ್ನ ಕಡೆ ಸರಿಸಿದಳು. “ಆ ಸಂಜೆ ನಾನು ಮಾತಾಡಿದ್ದು ನಿಮಗೆ ಕೇಳಿದೆ. ಕತ್ತಿ ಬಿದ್ದಾಗ ಗೊತ್ತಾಯಿತು. ತಪ್ಪಾಯಿತು ಅಂತ ಅಕ್ಕನ ಹತ್ತಿರ ಹೇಳಿ ಕಳಿಸುವ ಮಾತಲ್ಲ ಅದು, ನಿಮ್ಮ ಎದುರು ಬಂದು ಹೇಳಲಿಕ್ಕೂ ಧೈರ್ಯ ಬರಲಿಲ್ಲ. ಅದಕ್ಕೇ ಅಲ್ವಾ ಈ ಗೋಡೆ?”

ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಅವಳು ನನ್ನ ಮುಖ ನೋಡಿ ಮಾತಾಡಿದ್ದಳು. ಹೌದು ಎಂಬ ಎರಡಕ್ಷರ ಹೇಳಿದ್ದರೆ ಸಾಕಿತ್ತು. ನಾನು ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, “ಛೆ, ಅದೆಲ್ಲ ಏನಿಲ್ಲ. ಕೋಳಿಗಳ ಕಾಟ,” ಎಂದೆ.

ಗೋಡೆ ಕಟ್ಟಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಡುತ್ತದೆ. ಗೋಡೆ ಕಟ್ಟುವಾಗ ಸಿಟ್ಟಾದರೂ ಇತ್ತು. ಈ ಮಾತು ಹೇಳುವಾಗ ಸಿಟ್ಟು ಇರಲಿಲ್ಲ, ನನ್ನ ಸಣ್ಣತನ ಅವಳಿಗೆ ಕಾಣಬಾರದು ಎಂಬ ಹಟ ಮಾತ್ರ ಇತ್ತು. ಅವಳಿಗೆ ಅದು ಎಂದೋ ಕಂಡಾಗಿತ್ತು.

ಅವಳು, “ಹಾಗೋ,” ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಆ ವಾರ ಆಚೆಯಿಂದ ಕೋಳಿ ಕೂಗುವುದು ನಿಂತಿತು. ಎಲ್ಲವನ್ನೂ ವಾಮದಪದವಿನ ತನ್ನ ತವರಿಗೆ ಕೊಟ್ಟು ಬಂದಿದ್ದಳು. ಆ ಕೋಳಿಗಳ ಮೊಟ್ಟೆಯನ್ನೇ ಅವಳು ಹುಡುಗಿಯರಿಗೆ ಬಡಿಸುತ್ತಿದ್ದಳು ಎಂದು ಹೆಂಡತಿಯಿಂದ ತಿಳಿಯಿತು. ಹೆಂಡತಿ ಒಂದೆರಡು ಸಲ ರಸ್ತೆಯಿಂದ ಹೋದಳು, ಬಂದ ಮೇಲೆ ಮಂಡಿಗೆ ಎಣ್ಣೆ ಹಚ್ಚಿ ಮಲಗಿದಳು. ಆಮೇಲೆ ಹೋಗುವುದನ್ನು ಬಿಟ್ಟಳು. ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಒಂದು ದಿನವೂ ನನ್ನನ್ನು ದೂರಲಿಲ್ಲ. ಬಡಿಸುವುದು, ಬಟ್ಟೆ ಮಡಚುವುದು ಎಲ್ಲ ಮೊದಲಿನ ಹಾಗೆಯೇ. ಕೋಳಿ ಬರದಂತೆ ಕಟ್ಟಿದ ಗೋಡೆ ಇತ್ತು, ಕೋಳಿ ಇರಲಿಲ್ಲ. ನೋಡಿದವರು ಯಾರಾದರೂ ಈಗ ಇದು ಯಾಕೆ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಸುಳ್ಳೂ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ಉಳಿ, ಸುತ್ತಿಗೆ ಹಿಡಿದು ಗೋಡೆಯ ಹತ್ತಿರ ಹೋದೆ. ತಡಮೆಯ ಜಾಗದ ಸಂದುಗಳು ಆಚೆಯಿಂದ ತುಂಬದೆ ಉಳಿದದ್ದರಿಂದ ಬೇಗ ಬಿಟ್ಟುಕೊಂಡವು. ಅವಳು ತುಂಬಿದ್ದ ಪಕ್ಕದ ಸಂದುಗಳು ಅಲುಗಲಿಲ್ಲ. ಮೇಲಿನ ಬ್ಲಾಕುಗಳು ಕೆಲವು ಒಡೆದವು, ಕೆಲವು ಇಡಿಯಾಗಿ ಬಂದವು. ಹಲಗೆ ಪುನಃ ಇಟ್ಟೆ. ಈಚೆ ಬದಿಗೊಂದು, ಆಚೆ ಬದಿಗೊಂದು ಬ್ಲಾಕನ್ನು ಮೆಟ್ಟಿಲಾಗಿ ಇಟ್ಟೆ, ಹೆಂಡತಿಯ ಮಂಡಿಗೆ ಸುಲಭವಾಗಲಿ ಎಂದು. ಆಚೆಯದನ್ನು ಇಡಲು ಆ ಅಂಗಳಕ್ಕೆ ಇಳಿಯಬೇಕಾಯಿತು.

ತಮ್ಮನ ಹೆಂಡತಿ ತೊಳೆಯುವ ಕಲ್ಲಿನ ಹತ್ತಿರ ಹುಡುಗಿಯರ ಊಟಕ್ಕೆ ಅಕ್ಕಿ ತೊಳೆಯುತ್ತಿದ್ದಳು. ಸುತ್ತಿಗೆಯ ಸದ್ದು ಇಷ್ಟು ಹೊತ್ತು ಕೇಳಿದ್ದರೂ ತಿರುಗಿ ನೋಡಿರಲಿಲ್ಲ. ನನ್ನ ಹೆಂಡತಿ ಈಚೆ ಬದಿಯಲ್ಲಿ ಹಲಗೆಗೆ ಕೈಯೂರಿ ನಿಂತಿದ್ದಳು, ದಾಟಿರಲಿಲ್ಲ. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಳೆಂದು ಕಾಣುತ್ತದೆ. ಮಣ್ಣು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡೆ.

“ಕೋಳಿಗಾಗಿ ಕಟ್ಟಿದ್ದಲ್ಲ,” ಎಂದೆ. “ನೀನು ಕೇಳಿದ್ದೇ ನಿಜ.”

ಅವಳು ಅಕ್ಕಿ ತೊಳೆದ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದಳು. ಕೋಳಿಗೂಡಿನ ಬಾಗಿಲು ತೆರೆದೇ ಇತ್ತು, ಒಳಗೆ ಕಟ್ಟಿಗೆ ತುಂಬಿಸಿಟ್ಟಿದ್ದಳು.

“ಗೊತ್ತುಂಟು ಭಾವ,” ಎಂದಳು. “ಆದ್ರೆ ಕೋಳಿ ಕೊಟ್ಟಾಯಿತಲ್ಲ.”

ಆಮೇಲೆ ನನ್ನ ಹೆಂಡತಿಯ ಕೈ ಹಿಡಿದು ದಾಟಿಸಲು ತಡಮೆಯ ಕಡೆಗೆ ಬಂದಳು. ನಾನು ದಾರಿ ಬಿಟ್ಟು ಬದಿಗೆ ಸರಿದು ನಿಂತೆ.