ಪೆಟ್ರೋಲ್ ಅಳೆಯುವ ಕೋಲು

ಲೇತ್ ಮೇಸ್ತ್ರಿ ತನ್ನ ಮುದಿ ಕಾರಿಗೆ ಹೊಸ ಕಾಲದ ಎಂಜಿನ್ ಕೂರಿಸಿದ್ದೇನೋ ಆಯಿತು. ಆಮೇಲೆ ಶುರುವಾಯಿತು ನೋಡಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೊಸ ಎಂಜಿನ್ನಿನ ಪಂಪು ಟ್ಯಾಂಕಿನೊಳಗೇ ಇರಬೇಕಂತೆ, ಹಳೆಯ ಟ್ಯಾಂಕಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ಬೇರೆ ಟ್ಯಾಂಕು ಆರಿಸಲು ಅಂಗಡಿಗೆ ಬಂದ. ಕೈಯಲ್ಲೊಂದು ಮರದ ಕೋಲು.

ಕಾರಿನ ಪೆಟ್ರೋಲ್ ಮುಳ್ಳು ಕೆಟ್ಟು ಯಾವ ಕಾಲವಾಗಿತ್ತೋ. ಹೆಂಡತಿಯೇ ಈ ಕೋಲನ್ನು ಟ್ಯಾಂಕಿಗೆ ಅದ್ದಿ ಅಳೆಯುತ್ತಿದ್ದಳು. ಲೀಟರಿನ ಗೊಡವೆ ಅವಳಿಗೆ ಬೇಡ. ಚಾಕುವಿನಿಂದ ಗೆರೆ ಕೊರೆದಿದ್ದಳು. ಇಷ್ಟಿದ್ದರೆ ಮಾರುಕಟ್ಟೆ, ಇಷ್ಟಿದ್ದರೆ ತವರುಮನೆ. ಅವಳು ತೀರಿಕೊಂಡು ಎಂಟು ತಿಂಗಳು.

ಮೇಸ್ತ್ರಿ ಒಂದೊಂದು ಟ್ಯಾಂಕಿಗೂ ಕೋಲು ಇಳಿಬಿಟ್ಟು ನೋಡಿದ. ಹಳೆಯದರಷ್ಟೇ ಆಳದ್ದು ಬೇಕು, ಅವಳ ಗೆರೆಗಳು ಸುಳ್ಳಾಗಬಾರದು ಎಂದು ಗೆರೆಗಳ ಲೆಕ್ಕ ಬಿಡಿಸಿ ಹೇಳಿದ. ಅಂಗಡಿಯವನಿಗೆ ರೇಗಿತು.

"ಯಜಮಾನ್ರೇ, ಇದ್ರಲ್ಲಿ ಮೀಟರ್ ಇದೆ, ಕೋಲ್ಯಾಕೆ? ಅಲ್ದೆ ಹೊಸ ಎಂಜಿನ್ ಕುಡಿಯೋದೇ ಅರ್ಧ. ನಿಮ್ಮ ಗೆರೆ ಒಂದೂ ಸರಿಹೋಗಲ್ಲ."

ಮೇಸ್ತ್ರಿ ಕೋಲನ್ನು ಟ್ಯಾಂಕಿನಿಂದ ಮೇಲೆತ್ತಿದ. ಕೂದಲೆಳೆಯಷ್ಟೂ ಅಳತೆ ತಪ್ಪದೆ ಕಬ್ಬಿಣ ಕಡೆದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ!

ಅಂಗಡಿಯವನು ಕೋಲು ತೆಗೆದುಕೊಂಡು ತಿರುಗಿಸಿದ. ಕೆಳಗೆಲ್ಲ ಪೆಟ್ರೋಲ್ ಹೀರಿ ಕಪ್ಪಾಗಿತ್ತು. ಎಲ್ಲಕ್ಕಿಂತ ಮೇಲಿನ ಗೆರೆಯ ಹತ್ತಿರ ಮಾತ್ರ ಮರ ಬೆಳ್ಳಗೆ ಹಾಗೇ ಇತ್ತು.

"ಈ ಗೆರೇವರೆಗೆ ಯಾವತ್ತೂ ತುಂಬಿಸೇ ಇಲ್ವಲ್ಲ. ಇದು ಎಲ್ಲಿಗೆ?"

"ಸಮುದ್ರಕ್ಕೆ," ಎಂದ ಮೇಸ್ತ್ರಿ. "ನೋಡ್ಬೇಕು ಅಂತ ಪ್ರತಿ ವರ್ಷ ಕೇಳೋಳು. ಮುಂದಿನ ವರ್ಷ ಹೋದ್ರಾಯ್ತು ಬಿಡೇ, ಅಂತಿದ್ದೆ."